ನಾದದಾಸೋಹಿ ಶ್ರೀ ಪಂಚಾಕ್ಷರ ಗವಾಯಿಗಳವರು

ವೀರಶೈವ ಸಿದ್ಧಾಂತದಲ್ಲಿ ಇಂದ್ರಿಯಗಳು ತ್ಯಾಜ್ಯವಾದುವಲ್ಲ, ಅವು ಲಿಂಗಮುಖಗಳು. ಘ್ರಾಣದಲ್ಲಿ ಆಚಾರಲಿಂಗವೂ, ಜಿಹ್ವೆಯಲ್ಲಿ ಗುರುಲಿಂಗವೂ, ನೇತ್ರದಲ್ಲಿ ಶಿವಲಿಂಗವೂ, ತ್ವಕ್ಕಿನಲ್ಲಿ ಜಂಗಮಲಿಂಗವೂ, ಶ್ರೋತ್ರದಲ್ಲಿ ಪ್ರಸಾದಲಿಂಗವೂ, ಹೃದಯದಲ್ಲಿ ಮಹಾಲಿಂಗವೂ ನೆಲೆಸಿರುವುವೆಂದು ಶರಣರು ತಿಳುಹಿದ್ದಾರೆ. ಕಿವಿಗೆ ಬಿದ್ದ ಶಬ್ದವನ್ನು ಪ್ರಸಾದಲಿಂಗಕ್ಕೆ ಅರ್ಪಿಸಿ, ಅದನ್ನು ಪ್ರಸಾದವಾಗಿ ಸ್ವೀಕರಿಸುವವನೇ ಶರಣಸ್ಥಲಿ. ಆದುದರಿಂದ ಕೇಳುವುದೆಂಬುದು ಅಲ್ಪವಾದ ಕಾರ್ಯವಲ್ಲ. ಹಾಡುವವನದು ಎಷ್ಟು ದೊಡ್ಡ ಪೂಜೆಯೋ ಕೇಳುವವನದೂ ಅಷ್ಟೇ ದೊಡ್ಡ ಅರ್ಪಿತ. ಹಾಡು ಎಷ್ಟು ಉತ್ತಮವಾಗಿದ್ದರೂ ಕೇಳುವ ಕಿವಿಯಿಲ್ಲದಿದ್ದರೆ ಅದು ಪದಾರ್ಥವಾಗಿಯೇ ಉಳಿಯುವುದು, ಪ್ರಸಾದವಾಗಲಾರದು.

ಈ ತತ್ತ್ವವನ್ನು ಗ್ರಂಥದಲ್ಲಿ ಬರೆಯದೆ ತಮ್ಮ ಬಾಳಿನಲ್ಲಿಯೇ ನಡೆದು ತೋರಿದ ಮಹನೀಯರು ಗದುಗಿನ ವೀರೇಶ್ವರ ಪುಣ್ಯಾಶ್ರಮದ ಸಂಸ್ಥಾಪಕರಾದ ಗಾನಯೋಗಿ ಶ್ರೀ ಪಂಚಾಕ್ಷರ ಗವಾಯಿಗಳವರು. ಹುಟ್ಟಿನಿಂದಲೇ ನೇತ್ರಹೀನರಾದ ಅವರು ಶ್ರೋತ್ರವನ್ನೇ ಕಣ್ಣಾಗಿಸಿಕೊಂಡರು. ತಾವು ಹಾಡಿದುದಕ್ಕಿಂತಲೂ ಹೆಚ್ಚಾಗಿ, ಕನ್ನಡ ನಾಡಿನ ಹಳ್ಳಿಹಳ್ಳಿಯ ಒಕ್ಕಲುಮಕ್ಕಳಲ್ಲಿ ಕೇಳುವ ಕಿವಿಯನ್ನು ತೆರೆದರು. ಅವರ ಪುಣ್ಯಚರಿತ್ರೆಯು ಸದ್ಭಕ್ತರೆಲ್ಲರೂ ಮನನ ಮಾಡತಕ್ಕದ್ದಾಗಿದೆ.

ಜನನ ಮತ್ತು ಬಾಲ್ಯ

ಈಗಿನ ಹಾವೇರಿ ಜಿಲ್ಲೆಯ ಹಾನಗಲ್ಲು ತಾಲೂಕಿಗೆ ಸೇರಿದ ಕಾಡಶೆಟ್ಟಿಹಳ್ಳಿಯು ಚಿಕ್ಕ ಗ್ರಾಮ. ಅಲ್ಲಿಯ ಚರಂತಿಮಠದ ಗುರುಪಾದಯ್ಯನವರು ಹಾಗೂ ನೀಲಮ್ಮನವರೆಂಬ ಜಂಗಮ ದಂಪತಿಗಳ ಉದರದಲ್ಲಿ 1892ನೆಯ ಇಸವಿಯ ಫೆಬ್ರವರಿ 2ರಂದು ಒಂದು ಗಂಡು ಶಿಶುವು ಜನಿಸಿತು. ಗದಿಗೆಯ್ಯನೆಂದು ಹೆಸರಿಟ್ಟರು. ಶಿಶುವಿಗೆ ಕಣ್ಣಿಲ್ಲವೆಂದು ತಿಳಿದಾಗ ತಾಯಿತಂದೆಗಳಿಗೆ ಉಂಟಾದ ಸಂತಾಪವನ್ನು ಊಹಿಸಬಹುದು. ಏಕೆಂದರೆ ಹಿರಿಯ ಮಗನಾದ ಗುರುಬಸಯ್ಯನೂ ಹುಟ್ಟುಕುರುಡನೇ ಆಗಿದ್ದನು. ಬಡತನದ ಮನೆಯಲ್ಲಿ ಇಬ್ಬರು ಅಂಧ ಮಕ್ಕಳು. ಅವರ ಮುಂದಿನ ಬಾಳಿಗೆ ದಾರಿ ಯಾವುದು?

ಆ ಕಾಲದಲ್ಲಿ ಅಂಧರಿಗೆ ತೆರೆದಿದ್ದ ದಾರಿ ಬಹುಮಟ್ಟಿಗೆ ಒಂದೇ. ಜಾತ್ರೆಯ ಹಾದಿಯಲ್ಲಿಯೋ ಗುಡಿಯ ಬಾಗಿಲಲ್ಲಿಯೋ ಕುಳಿತು, ಬಂದ ಪದವನ್ನು ಹಾಡಿ, ಹಾಸಿದ ಅರಿವೆಯ ಮೇಲೆ ಬಿದ್ದ ಕಾಸನ್ನು ತಡವಿ ಆರಿಸಿಕೊಳ್ಳುವುದು. ಅಲ್ಲಿ ದಾರಿಹೋಕನು ಕಾಸು ಹಾಕುವುದು ಹಾಡಿಗಲ್ಲ, ಕುರುಡಿಗೆ. ಹಾಡನ್ನು ಅವನು ಕೇಳುವುದೇ ಇಲ್ಲ. ಮರುಕದಿಂದ ಕೈಯೆತ್ತಿ ಮುಂದೆ ಹೋಗುವನು. ಗವಾಯಿಗಳವರ ಜೀವನಕಾರ್ಯದ ಹಿರಿಮೆಯನ್ನು ಅರಿಯಬೇಕಾದರೆ ಈ ಚಿತ್ರವನ್ನು ಮನಸ್ಸಿನಲ್ಲಿ ಇರಿಸಿಕೊಳ್ಳಬೇಕು. ಕುರುಡನ ಮುಂದೆ ಮರುಕದಿಂದ ನಿಂತ ಜನವನ್ನು, ಗಾಯಕನ ಮುಂದೆ ಗೌರವದಿಂದ ಕುಳಿತ ಜನವನ್ನಾಗಿ ಮಾರ್ಪಡಿಸುವುದೇ ಅವರ ಐವತ್ತೆರಡು ವರುಷಗಳ ಬಾಳಿನ ಸಾಧನೆಯಾಯಿತು.

ಗುರುಕಾರುಣ್ಯ

ಬಾಲಕರಿಬ್ಬರಿಗೂ ಸಹಜವಾಗಿಯೇ ಇಂಪಾದ ಕಂಠವಿದ್ದಿತು. ಕೇಳಿದ ಪದವನ್ನು ಕೇಳಿದಂತೆಯೇ ಹಾಡಬಲ್ಲವರಾಗಿದ್ದರು. ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಮಹಾಸ್ವಾಮಿಗಳವರು ಈ ಬಾಲಕರ ಹಾಡನ್ನು ಕೇಳಿ, ಅವರನ್ನು ತಮ್ಮ ಆಶ್ರಯಕ್ಕೆ ತೆಗೆದುಕೊಂಡರು. ಕುರುಡರೆಂದು ಕನಿಕರಿಸಿ ಅನ್ನವನ್ನಷ್ಟೇ ನೀಡಿದ್ದರೆ ಅದು ದಾನವಾಗುತ್ತಿದ್ದಿತು. ಅವರಲ್ಲಿದ್ದ ನಾದವನ್ನು ಗುರುತಿಸಿ ವಿದ್ಯೆಯನ್ನು ನೀಡಿದುದರಿಂದ ಅದು ದಾಸೋಹವಾಯಿತು.

1904ರಲ್ಲಿ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭಾ ತೀರದಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದ ಕುಮಾರ ಮಹಾಸ್ವಾಮಿಗಳವರ ದೃಷ್ಟಿಯು ವಿಶಾಲವಾದುದು. ಸಮಾಜದ ಉದ್ಧಾರಕ್ಕೆ ಶಾಸ್ತ್ರವು ಬೇಕು, ಯೋಗವು ಬೇಕು, ವೈದ್ಯವು ಬೇಕು. ಅದರಂತೆಯೇ ಸಂಗೀತವೂ ಬೇಕೆಂಬುದು ಅವರ ಸಂಕಲ್ಪವಾಗಿದ್ದಿತು. ಶಾಸ್ತ್ರವನ್ನು ಓದಬಲ್ಲವರು ಕೆಲವರು. ಪ್ರವಚನವನ್ನು ತಿಳಿಯಬಲ್ಲವರು ಹಲವರು. ಹಾಡಿಗೆ ಕರಗದವರು ಯಾರೂ ಇಲ್ಲ. ಮಠದ ಬೋಧೆಯು ಒಕ್ಕಲಿಗನ ಹೊಲದ ಬದುವಿನವರೆಗೆ ತಲುಪಬೇಕಾದರೆ ಅದು ಹಾಡಾಗಿಯೇ ಹೋಗಬೇಕು. ಈ ಕಾರ್ಯಕ್ಕೆ ತಕ್ಕ ಪಾತ್ರವನ್ನು ಅವರು ಗದಿಗೆಯ್ಯನಲ್ಲಿ ಕಂಡರು.

ಗದಿಗೆಯ್ಯನವರನ್ನು ಮೈಸೂರಿಗೆ ಕಳುಹಿಸಿ, ನಾಲ್ಕು ವರುಷಗಳ ಕಾಲ ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿಸಲಾಯಿತು. ಅನಂತರ ಹಿಂದುಸ್ಥಾನಿ ಪದ್ಧತಿಯ ಶಿಕ್ಷಣವು ಮೊದಲಾಯಿತು. ಮಿರಜಿಯ ಪ್ರಸಿದ್ಧ ಗಾಯಕರಾದ ಬಾಳಕೃಷ್ಣಬುವಾ ಇಚಲಕರಂಜೀಕರರ ಶಿಷ್ಯರೂ ಗ್ವಾಲಿಯರ ಘರಾಣೆಯವರೂ ಆದ ನೀಲಕಂಠಬುವಾ ಅವರಿಂದ ಗದಿಗೆಯ್ಯನವರು ಆ ವಿದ್ಯೆಯನ್ನು ಸಂಪಾದಿಸಿದರು. ಗಾಯನದಂತೆಯೇ ವಾದ್ಯಗಳಲ್ಲಿಯೂ ಪರಿಣತರಾದರು; ತಬಲೆಯಲ್ಲಿ ಅವರ ಕೈ ವಿಶೇಷವಾಗಿ ಪಳಗಿದ್ದಿತು. ಎರಡೂ ಪದ್ಧತಿಗಳಲ್ಲಿ ಪ್ರಭುತ್ವ ಪಡೆದುದರಿಂದ ಉಭಯಗಾನ ವಿಶಾರದರೆಂಬ ಬಿರುದಿಗೆ ಪಾತ್ರರಾದರು. ಗದಿಗೆಯ್ಯನೆಂಬ ಪೂರ್ವನಾಮವು ಹೋಗಿ ಪಂಚಾಕ್ಷರ ಗವಾಯಿಗಳೆಂಬ ಅಭಿಧಾನವು ಬಂದಿತು.

ವಿದ್ಯೆಯು ಪೂರ್ಣವಾದ ಮೇಲೆ ಶಿಷ್ಯನು ಗುರುವಿಗೆ ಕಾಣಿಕೆಯನ್ನು ಸಲ್ಲಿಸುವುದು ಸಂಪ್ರದಾಯ. ಗವಾಯಿಗಳವರು ತಮ್ಮ ಬಾಳನ್ನೇ ಕಾಣಿಕೆಯಾಗಿ ಸಲ್ಲಿಸಿದರು. ನೈಷ್ಠಿಕ ಬ್ರಹ್ಮಚರ್ಯದಲ್ಲಿದ್ದು, ಅಂಧರಿಗೂ ಅಂಗಹೀನರಿಗೂ ಅನಾಥರಿಗೂ ಫಲಾಪೇಕ್ಷೆಯಿಲ್ಲದೆ ಸಂಗೀತವನ್ನು ಕಲಿಸುವೆನೆಂದು ಗುರುವಿನ ಸನ್ನಿಧಿಯಲ್ಲಿ ವ್ರತವನ್ನು ಕೈಕೊಂಡರು. ಅಷ್ಟು ವಿದ್ಯೆಯಿದ್ದವರು ಆ ಕಾಲದ ಸಂಸ್ಥಾನಗಳ ಆಶ್ರಯವನ್ನು ಅರಸಿದ್ದರೆ ಸುಖವಾಗಿ ಬಾಳಬಹುದಾಗಿದ್ದಿತು. ಅರಮನೆಯಲ್ಲಿ ಕೇಳುಗರು ಸಿದ್ಧವಾಗಿಯೇ ಇರುತ್ತಾರೆ. ಗವಾಯಿಗಳವರು ಆರಿಸಿಕೊಂಡುದು ಕೇಳುಗರನ್ನೇ ಹೊಸದಾಗಿ ಬೆಳೆಸಬೇಕಾದ ಬೆದ್ದಲು ಭೂಮಿಯನ್ನು.

ಸಂಚಾರಿ ಪಾಠಶಾಲೆ

1914ರಲ್ಲಿ ಗುರುಗಳ ಅಪ್ಪಣೆಯಂತೆ ಸಂಗೀತ ಪಾಠಶಾಲೆಯು ಆರಂಭವಾಯಿತು. ಈ ಶಾಲೆಗೆ ಕಟ್ಟಡವಿರಲಿಲ್ಲ, ಮೂಲಧನವಿರಲಿಲ್ಲ, ಸರಕಾರದ ಸಹಾಯವಿರಲಿಲ್ಲ. ಗುರುಗಳೂ ಶಿಷ್ಯರೂ ಊರಿಂದ ಊರಿಗೆ ಸಂಚರಿಸುತ್ತಿದ್ದುದರಿಂದ ಅದು ಸಂಚಾರಿ ಪಾಠಶಾಲೆಯೆಂದೇ ಪ್ರಸಿದ್ಧವಾಯಿತು. ಹಾರ್ಮೋನಿಯಂ, ತಬಲಾ, ಸಾರಂಗಿಗಳನ್ನು ಹೊತ್ತುಕೊಂಡು, ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ನಡೆಯುವ ಅಂಧ ಬಾಲಕರ ಆ ಸಾಲು ಯಾವ ಊರಿನ ಅಗಸಿಯನ್ನು ಹೊಕ್ಕರೂ ಅಲ್ಲಿಯ ಮಠದ ಪೌಳಿಯೇ ಪಾಠಶಾಲೆ, ಮರದ ನೆರಳೇ ಅಭ್ಯಾಸಮಂದಿರ. ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಬ್ರೈಲ್ ಲಿಪಿಯು ನಮ್ಮ ದೇಶದಲ್ಲಿ ರೂಪುಗೊಂಡುದು 1951ರಲ್ಲಿ. ಅದಕ್ಕೂ ಹಿಂದಿನ ಆ ದಿನಗಳಲ್ಲಿ ಗುರುವಿನ ಕಂಠವೇ ಗ್ರಂಥ, ಶಿಷ್ಯನ ನೆನಪೇ ಹಾಳೆ. ಒಂದು ರಾಗವನ್ನು ನೂರು ಸಲ ಹಾಡಿ ತೋರಿಸಿ, ನೂರು ಸಲ ಹಾಡಿಸಿ ಕೇಳಿ ತಿದ್ದಬೇಕಾಗಿದ್ದಿತು.

ನಿತ್ಯವೂ ಹತ್ತಿಪ್ಪತ್ತು ಎಲೆಗಳಿಗೆ ಅನ್ನವನ್ನು ಒದಗಿಸಬೇಕು. ಅದು ಪ್ಲೇಗು ಹಾಗೂ ಬರಗಾಲಗಳಿಂದ ಹಳ್ಳಿಗಳು ತತ್ತರಿಸಿದ ಕಾಲ. 1918ರ ಇನ್‌ಫ್ಲುಯೆಂಜಾ ಬೇನೆಯು ಮನೆಮನೆಯನ್ನೂ ಬರಿದುಮಾಡಿದ ಕಾಲ. ಒಕ್ಕಲಿಗನ ಹಗೇವಿನಲ್ಲಿಯೇ ಕಾಳಿಲ್ಲದಾಗ ಹಾಡುವವರಿಗೆ ನೀಡುವವರಾರು? ಇಂತಹ ಸಮಯದಲ್ಲಿ ಶಾಲೆಯು ಉಳಿಯಬೇಕಾದರೆ ಊರಿನವರು ಅದನ್ನು ತಮ್ಮದೆಂದು ಭಾವಿಸಬೇಕು. ಕನಿಕರದಿಂದ ಒಂದು ದಿನ ನೀಡಬಹುದು; ಎರಡನೆಯ ದಿನವೂ ನೀಡಬಹುದು. ವರುಷವರುಷವೂ ಸುಗ್ಗಿಯ ಕಾಲಕ್ಕೆ ತಾವಾಗಿಯೇ ಚೀಲ ತೆಗೆದಿರಿಸಬೇಕಾದರೆ ಕನಿಕರಕ್ಕಿಂತ ಗಟ್ಟಿಯಾದ ಬಂಧವು ಬೇಕು.

ಆ ಬಂಧವನ್ನು ಗವಾಯಿಗಳವರು ಬೆಳೆಸಿದ ಬಗೆಯು ಗಮನಾರ್ಹವಾದುದು. ಜನರನ್ನು ತಮ್ಮ ಸಭೆಗೆ ಕರೆಯುವುದಕ್ಕಿಂತ ಮುಂಚೆ ಜನರು ಈಗಾಗಲೇ ಕೂಡುವ ಕಡೆಗೆ ತಾವೇ ಹೋದರು. ಶ್ರಾವಣಮಾಸದ ಪುರಾಣ, ಮಠದ ಜಾತ್ರೆ, ರಥೋತ್ಸವ, ಶಿವರಾತ್ರಿಯ ಜಾಗರಣೆ, ಹಿರಿಯರ ಪುಣ್ಯತಿಥಿ, ಶಿವಭಜನೆ, ಇವೇ ಅವರ ಸಭಾಮಂದಿರಗಳಾದುವು. ಶಾಸ್ತ್ರಿಗಳು ಪುರಾಣದ ಪದ್ಯಕ್ಕೆ ಅರ್ಥ ಹೇಳುವಾಗ ಗವಾಯಿಯು ಆ ಪದ್ಯವನ್ನು ರಾಗವಾಗಿ ಹಾಡಬೇಕು. ಅರ್ಥವು ಕರುಣರಸಕ್ಕೆ ತಿರುಗಿದಾಗ ರಾಗವೂ ಅದಕ್ಕೆ ತಕ್ಕಂತೆ ತಿರುಗಬೇಕು. ಹೀಗೆ ತಿಂಗಳುಗಟ್ಟಲೆ ಕೇಳಿದ ರೈತನಿಗೆ ರಾಗದ ಹೆಸರು ತಿಳಿಯದಿದ್ದರೂ ಅದರ ಮುಖವು ಪರಿಚಿತವಾಗುತ್ತಿದ್ದಿತು. ಸಂಜೆಯ ರಾಗವಾವುದು, ಬೆಳಗಿನ ರಾಗವಾವುದು ಎಂಬುದು ಪಾಠವಿಲ್ಲದೆಯೇ ಕಿವಿಗೆ ಬರುತ್ತಿದ್ದಿತು. ಅರಮನೆಯ ದರ್ಬಾರಿನಲ್ಲಿ ಮೀಸಲಾಗಿದ್ದ ವಿದ್ಯೆಯು ಕಂಬಳಿ ಹೊದ್ದು ಕುಳಿತವನ ಸೊತ್ತಾದುದು ಹೀಗೆ.

ಶಿಷ್ಯರನ್ನು ಸೇರಿಸಿಕೊಳ್ಳುವಲ್ಲಿ ಅವರು ಕುಲವನ್ನು ಎಣಿಸಲಿಲ್ಲ. ಯಾವ ಜಾತಿಯ ಬಾಲಕನಾದರೂ ಆಗಲಿ, ಕಲಿಯುವ ಹಂಬಲವಿದ್ದರೆ ಸಾಕು; ಅವನಿಗೆ ಎಲೆಯೂ ಸಿದ್ಧ, ಪಾಠವೂ ಸಿದ್ಧ. ಇದರಿಂದ ಕೇಳುಗರ ವರ್ಗವೂ ಹಿಗ್ಗಿತು. ತಮ್ಮ ಓಣಿಯ ಹುಡುಗನೊಬ್ಬನು ಗವಾಯಿಗಳ ಪಕ್ಕದಲ್ಲಿ ಕುಳಿತು ಹಾಡುವಾಗ ಕೇಳಲು ಬಾರದ ಓಣಿಯು ಯಾವುದಿದ್ದೀತು?

ವಚನಗಾಯನ

ಶ್ರೀ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ಪ್ರಕಟಿಸಿದುದು 1923ರಲ್ಲಿ. ಶಿವಾನುಭವ ಪತ್ರಿಕೆಯನ್ನು ಹೊರಡಿಸಿದುದು 1926ರಲ್ಲಿ. ಓಲೆಗರಿಯ ಕಟ್ಟುಗಳಲ್ಲಿ ಹುದುಗಿದ್ದ ಶರಣರ ನುಡಿಗಳು ಮುದ್ರಣವಾಗಿ ಬೆಳಕು ಕಂಡವು. ಆದರೆ ಆಗ ನಮ್ಮ ನಾಡಿನಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಹತ್ತರಷ್ಟೂ ಇರಲಿಲ್ಲ. ಮುದ್ರಿತವಾದ ವಚನವು ಓದುಬಾರದ ತಾಯಂದಿರಿಗೂ ಕೂಲಿಕಾರರಿಗೂ ತಲುಪುವುದು ಹೇಗೆ? ಹಳಕಟ್ಟಿಯವರು ಕಣ್ಣಿಗೆ ಒದಗಿಸಿದುದನ್ನು ಗವಾಯಿಗಳವರ ಪರಂಪರೆಯು ಕಿವಿಗೆ ಒದಗಿಸಿತು.

ಇದು ಸುಲಭವಾದ ಕಾರ್ಯವಾಗಿರಲಿಲ್ಲ. ನಿಜಗುಣ ಶಿವಯೋಗಿಗಳ ಕೈವಲ್ಯಪದ್ಧತಿಯ ಪದಗಳೂ ಸರ್ಪಭೂಷಣ ಶಿವಯೋಗಿಗಳ ಕೈವಲ್ಯಕಲ್ಪವಲ್ಲರಿಯ ಪದಗಳೂ ಹಾಡುವುದಕ್ಕಾಗಿಯೇ ರಚಿತವಾದುವು. ಅವುಗಳಿಗೆ ಪಲ್ಲವಿಯುಂಟು, ಚರಣವುಂಟು, ರಾಗನಿರ್ದೇಶವುಂಟು. ವಚನಕ್ಕಾದರೋ ಛಂದಸ್ಸಿನ ಕಟ್ಟಿಲ್ಲ. ಒಂದು ಸಾಲು ಮೊಳದುದ್ದ, ಮತ್ತೊಂದು ಗೇಣುದ್ದ. ತಾಳದ ಆವರ್ತನದಲ್ಲಿ ಅದನ್ನು ಕೂಡಿಸುವಾಗ ಶಬ್ದವು ಮುರಿಯಬಾರದು, ಅರ್ಥವು ಕೆಡಬಾರದು. ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಬೇಕು, ಅಂಕಿತವನ್ನು ಹೇಗೆ ಸಮಕ್ಕೆ ತರಬೇಕು ಎಂಬುದನ್ನು ಅರಿಯಬೇಕಾದರೆ ರಾಗಜ್ಞಾನವೊಂದೇ ಸಾಲದು, ವಚನದ ಅನುಭಾವವೂ ಬೇಕು. ಬಾಯಿಗೆ ಬಂದಂತೆ ಆಲಾಪಮಾಡಿ ಮಾತನ್ನು ಮುಚ್ಚಿದರೆ ಅದು ಸಂಗೀತವಾದೀತೇ ಹೊರತು ವಚನವಾಗದು. ಮಾತನ್ನು ಒಣದಾಗಿ ಒಪ್ಪಿಸಿದರೆ ಕೇಳುವವನು ಏಳುವನು.

ಮೊದಲು ಖ್ಯಾಲನ್ನು ವಿಸ್ತಾರವಾಗಿ ಹಾಡಿ, ಬಳಿಕ ಶಿವಯೋಗಿಗಳ ಪದವನ್ನೋ ಶರಣರ ವಚನವನ್ನೋ ಹಾಡುವ ಕ್ರಮವು ಈ ಪರಂಪರೆಯಲ್ಲಿ ಬೆಳೆದು ಬಂದಿತು. ಇದರಲ್ಲಿ ಎರಡು ಪ್ರಯೋಜನಗಳಿವೆ. ಭಕ್ತಿಗಾಗಿ ಬಂದವನು ರಾಗವನ್ನು ಕೇಳಿ ಹೋಗುವನು. ರಾಗಕ್ಕಾಗಿ ಬಂದವನು ಬಸವಣ್ಣನವರ ನುಡಿಯನ್ನು ಮನೆಗೆ ಒಯ್ಯುವನು. ಒಬ್ಬರಿಗಾಗಿ ಇನ್ನೊಬ್ಬರನ್ನು ಕಳೆದುಕೊಳ್ಳಬೇಕಾಗಿಲ್ಲ. ಕೇಳುಗರ ಮಟ್ಟಕ್ಕೆ ವಿದ್ಯೆಯನ್ನು ಇಳಿಸದೆ, ವಿದ್ಯೆಯ ಮಟ್ಟಕ್ಕೆ ಕೇಳುಗರನ್ನು ಮೆಲ್ಲಮೆಲ್ಲನೆ ಏರಿಸುವ ಸೋಪಾನವು ಇದೇ ಆಗಿದೆ.

ನಾಟಕ ಮಂಡಳಿ

ಶಿಷ್ಯರ ಸಂಖ್ಯೆಯು ಬೆಳೆದಂತೆಲ್ಲ ಭಿಕ್ಷೆಯೊಂದರಿಂದಲೇ ನಿರ್ವಾಹವು ಕಷ್ಟವಾಯಿತು. ಆಗ ಗವಾಯಿಗಳವರು ಕೈಕೊಂಡುದು ನಾಟಕವನ್ನು. ಗುರುವಿನ ಹೆಸರನ್ನು ಮುಂದಿರಿಸಿ, ಶ್ರೀ ಕುಮಾರೇಶ್ವರ ಕೃಪಾಪೋಷಿತ ನಾಟ್ಯಸಂಘವನ್ನು ಕಟ್ಟಿದರು.

ಆ ಕಾಲದಲ್ಲಿ ಉತ್ತರ ಕರ್ನಾಟಕವು ನಾಟಕ ಕಂಪನಿಗಳ ತವರಾಗಿದ್ದಿತು. ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ಮಂಡಳಿ ಮೊದಲಾದವು ಜನಮನವನ್ನು ಸೂರೆಗೊಂಡಿದ್ದವು. ರಂಗದ ಮೇಲೆ ಹಾಡಬಲ್ಲ ನಟನಿಗೆ ಆಗ ಸಿಕ್ಕುತ್ತಿದ್ದ ಮನ್ನಣೆ ಅಪಾರವಾದುದು. ಶ್ರೀ ಮಲ್ಲಿಕಾರ್ಜುನ ಮನಸೂರರಂತಹ ಮಹಾಗಾಯಕರೂ ಬಾಲ್ಯದಲ್ಲಿ ವಾಮನರಾಯರ ಕಂಪನಿಯಲ್ಲಿ ಬಣ್ಣ ಹಚ್ಚಿದವರೇ. ಆದರೂ ನಾಟಕವೆಂದರೆ ಸಜ್ಜನರು ಮೂಗು ಮುರಿಯುವ ಕಾಲವೂ ಅದೇ ಆಗಿದ್ದಿತು. ವ್ರತಸ್ಥರಾದ ಬ್ರಹ್ಮಚಾರಿಗಳು, ಶಿವಯೋಗಮಂದಿರದ ಗುರುಕೃಪೆಗೆ ಪಾತ್ರರಾದವರು, ಬಣ್ಣದ ವೇಷದ ಮಂಡಳಿಯನ್ನು ನಡೆಸುವುದು ಉಚಿತವೇ ಎಂಬ ಶಂಕೆಗೆ ಇಲ್ಲಿ ಅವಕಾಶವಿದ್ದಿತು. ಈ ಶಂಕೆಯು ಹಗುರವಾದುದಲ್ಲ. ಟಿಕೀಟಿನ ಹಣದ ಆಸೆಯು ಒಮ್ಮೆ ಹೊಕ್ಕರೆ ಜನರು ಬಯಸಿದುದನ್ನೇ ನೀಡುತ್ತ ಹೋಗಿ, ಕಡೆಗೆ ನೀಡಬೇಕಾದುದನ್ನು ಮರೆಯುವ ಅಪಾಯವು ಪ್ರತಿಯೊಂದು ಕಲಾಸಂಸ್ಥೆಗೂ ಉಂಟು.

ಗವಾಯಿಗಳವರು ಈ ಅಪಾಯವನ್ನು ಗೆದ್ದುದು ಎರಡು ನಿಯಮಗಳಿಂದ. ಆಡುವ ಕಥೆಯು ಸದ್ಬೋಧೆಯ ಕಥೆಯಾಗಿರಬೇಕು. ಬಂದ ಹಣವು ಅನಾಥರ ಅನ್ನಕ್ಕೂ ಅಂಧರ ವಿದ್ಯೆಗೂ ಸಲ್ಲಬೇಕು. ಶರಣರ ಚರಿತ್ರೆಗಳೂ ಪುರಾಣಪುರುಷರ ಕಥೆಗಳೂ ರಂಗವನ್ನೇರಿದುವು. ಪುರಾಣವನ್ನು ಕೇಳಿ ಬಲ್ಲ ಜನರು ಅದೇ ಕಥೆಯನ್ನು ಕಣ್ಣಾರೆ ಕಾಣಲು ಗಾಡಿ ಕಟ್ಟಿಕೊಂಡು ಬಂದರು. ನಾಟಕಕ್ಕಾಗಿ ಬಂದವರಿಗೆ ರಂಗಗೀತೆಯ ಮೂಲಕ ಶುದ್ಧವಾದ ರಾಗಸಂಗೀತವು ದೊರೆಯಿತು. ಗೃಹಸ್ಥನು ಹೆಂಡಿರು ಮಕ್ಕಳೊಡನೆ ಸಂಕೋಚವಿಲ್ಲದೆ ಕುಳಿತು ನೋಡಬಹುದಾದ ನಾಟಕವೆಂಬ ನಂಬುಗೆಯೇ ಈ ಮಂಡಳಿಯ ದೊಡ್ಡ ಬಂಡವಾಳವಾಯಿತು. ಈ ಟಿಕೀಟಿನ ಹಣವು ಯಾರ ಎಲೆಗೆ ಅನ್ನವಾಗುವುದೆಂದು ನೋಡುವವನಿಗೂ ತಿಳಿದಿದ್ದಿತು. ಹೀಗಾಗಿ ನಾಟಕವನ್ನು ನೋಡುವುದೂ ದಾಸೋಹದ ಒಂದು ಅಂಗವಾಯಿತು.

ಈ ಸಂದರ್ಭದಲ್ಲಿ ಇನ್ನೊಬ್ಬ ಮಹನೀಯರ ಚರಿತ್ರೆಯು ಹೋಲಿಕೆಗೆ ಯೋಗ್ಯವಾಗಿದೆ. ನೀಲಕಂಠಬುವಾ ಅವರ ಸಹಪಾಠಿಗಳೂ ಬಾಳಕೃಷ್ಣಬುವಾ ಅವರ ಶಿಷ್ಯರೂ ಆದ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದರು. ಬಾಲ್ಯದಲ್ಲಿ ಪಟಾಕಿಯ ಅಪಘಾತದಿಂದ ಅವರ ಕಣ್ಣುಗಳಿಗೂ ಹಾನಿಯಾಗಿದ್ದಿತು. ಸಂಗೀತವನ್ನು ದರ್ಬಾರಿನಿಂದ ಬಿಡಿಸಿ, ಟಿಕೀಟು ಕೊಂಡು ಬರುವ ಸಾಮಾನ್ಯ ಜನರ ಸಭೆಗೆ ತಂದ ಕೀರ್ತಿಯು ಅವರದು. ಆದರೆ ಮುಂಬಯಿಯಲ್ಲಿ ಅವರು ಕಟ್ಟಿಸಿದ ಭವ್ಯವಾದ ಕಟ್ಟಡವು ಸಾಲದ ಭಾರದಿಂದ ಹರಾಜಿಗೆ ಹೋಯಿತು. ಅವರ ಶಿಷ್ಯರು ಮಾತ್ರ ದೇಶದ ತುಂಬ ಹರಡಿ ವಿದ್ಯೆಯನ್ನು ಉಳಿಸಿದರು. ಇತ್ತ ಗವಾಯಿಗಳವರು ಬಹುಕಾಲ ಕಟ್ಟಡವನ್ನೇ ಕಟ್ಟಲಿಲ್ಲ. ಜನರ ಮನಸ್ಸಿನಲ್ಲಿ ಮನೆ ಕಟ್ಟಿದರು. ಇಬ್ಬರ ಚರಿತ್ರೆಯಿಂದಲೂ ತಿಳಿದುಬರುವುದು ಒಂದೇ: ಕಲೆಯ ಸಂಸ್ಥೆಗೆ ಆಧಾರಸ್ತಂಭಗಳು ಕಲಿತ ಶಿಷ್ಯರು ಹಾಗೂ ಕೇಳಬಲ್ಲ ಜನರು. ಉಳಿದುದೆಲ್ಲ ಬಂದು ಹೋಗತಕ್ಕದ್ದು.

ಹಂಪೆಯ ಸಭೆ

1936ರಲ್ಲಿ ವಿಜಯನಗರ ಸಾಮ್ರಾಜ್ಯ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವವು ಹಂಪೆಯಲ್ಲಿ ಜರುಗಿತು. ನಾಡಿನ ನಾನಾ ಕಡೆಗಳಿಂದ ಗಣ್ಯರೂ ಜನಸಾಮಾನ್ಯರೂ ನೆರೆದಿದ್ದ ಆ ಮಹಾಸಭೆಯಲ್ಲಿ ಗವಾಯಿಗಳವರ ಶಿಷ್ಯರಾದ ಶ್ರೀ ಬಸವರಾಜ ರಾಜಗುರುಗಳು ಪ್ರಥಮವಾಗಿ ಸಾರ್ವಜನಿಕ ಗಾಯನವನ್ನು ಮಾಡಿದರು. ಧಾರವಾಡ ಜಿಲ್ಲೆಯ ಯಲಿವಾಳದಲ್ಲಿ 1917ರಲ್ಲಿ ಜನಿಸಿ, ಬಾಲ್ಯದಲ್ಲಿಯೇ ಪಿತೃವಿಯೋಗವನ್ನು ಅನುಭವಿಸಿ, ಗವಾಯಿಗಳವರ ಆಶ್ರಯಕ್ಕೆ ಬಂದ ಅವರಿಗೆ ಆಗ ಹತ್ತೊಂಬತ್ತರ ವಯಸ್ಸು. ಬಾಗೇಶ್ರೀ ರಾಗವನ್ನು ಹಾಡಿ, ಬಳಿಕ ನಿಜಗುಣ ಶಿವಯೋಗಿಗಳ ಪದವನ್ನು ಹಾಡಿ, ಸಭೆಯ ಮೆಚ್ಚುಗೆಯನ್ನು ಪಡೆದರು. ಆ ದಿನ ತಬಲೆಯನ್ನು ನುಡಿಸಲು ಕುಳಿತವರು ಮತ್ತಾರೂ ಅಲ್ಲ, ಸಾಕ್ಷಾತ್ ಪಂಚಾಕ್ಷರ ಗವಾಯಿಗಳವರೇ.

ಈ ಸಂಗತಿಯಲ್ಲಿ ಅಡಗಿರುವ ಭಾವವನ್ನು ಸದ್ಭಕ್ತರು ಮನಸ್ಸಿಟ್ಟು ಪರಿಭಾವಿಸಬೇಕು. ಉಭಯಗಾನ ವಿಶಾರದರಾದ ಗುರುಗಳು ಅಂತಹ ಸಭೆಯಲ್ಲಿ ತಾವೇ ಹಾಡಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಆದರೆ ತಮಗಾಗಿ ಕೂಡಿಸಿದ ಕೇಳುಗರು ತಮ್ಮ ದೇಹದೊಡನೆಯೇ ಅಳಿಯುವರು. ಶಿಷ್ಯನಿಗೆ ಒಪ್ಪಿಸಿಕೊಟ್ಟ ಕೇಳುಗರು ಮುಂದಿನ ತಲೆಮಾರಿಗೆ ಸಾಗುವರು. ತಾಳವನ್ನು ಹಿಡಿದು ಹಿಂದೆ ಕುಳಿತು ಶಿಷ್ಯನನ್ನು ಮುಂದೆ ಮಾಡಿದ ಗುರುವಿನ ಈ ನಿರಹಂಕಾರವು ಶರಣಧರ್ಮದ ಕಿಂಕರಭಾವವಲ್ಲದೆ ಬೇರೆಯಲ್ಲ.

ಗದುಗಿನ ನೆಲೆ

1930ರಲ್ಲಿ ಕುಮಾರ ಮಹಾಸ್ವಾಮಿಗಳವರು ಲಿಂಗೈಕ್ಯರಾದರು. ಗುರುವಿನ ಆಸರೆಯು ಕಣ್ಮರೆಯಾದರೂ ಗವಾಯಿಗಳವರು ವ್ರತದಿಂದ ವಿಚಲಿತರಾಗಲಿಲ್ಲ. ಊರೂರು ಅಲೆದ ಪಾಠಶಾಲೆಗೆ ಕಡೆಗೆ ನೆಲೆಯನ್ನು ಒದಗಿಸಿದವರು ಗದುಗಿನ ಭಕ್ತರಾದ ಬಸರಿಗಿಡದ ವೀರಪ್ಪನವರು. ಅವರ ಹೆಸರು ಸ್ಥಿರವಾಗಿರಲೆಂದು ಆಶ್ರಮಕ್ಕೆ ವೀರೇಶ್ವರ ಪುಣ್ಯಾಶ್ರಮವೆಂಬ ನಾಮವಾಯಿತು. ಕಲೆಯನ್ನು ಕೇಳಿದವನೊಬ್ಬನು ಕಲೆಗೆ ಮನೆಯನ್ನು ನೀಡಿದನು. ಮನೆಯು ಆ ಕೇಳಿದವನ ಹೆಸರನ್ನೇ ಧರಿಸಿತು. 1942ರಲ್ಲಿ ಆಶ್ರಮವು ಗದುಗಿನಲ್ಲಿ ಸ್ಥಿರವಾಗಿ ನೆಲೆಗೊಂಡಿತು.

ಈ ನೆಲೆಯ ಸುಖವನ್ನು ಗವಾಯಿಗಳವರು ಬಹುಕಾಲ ಅನುಭವಿಸಲಿಲ್ಲ. ನಿರಂತರವಾದ ಸಂಚಾರದಿಂದಲೂ ಚಿಂತೆಯಿಂದಲೂ ದೇಹವು ಬಳಲಿದ್ದಿತು. 1944ನೆಯ ಜೂನ್ 11ರಂದು ಅವರು ಲಿಂಗೈಕ್ಯರಾದರು. ಅವರ ಸಮಾಧಿಯು ಆಶ್ರಮದಲ್ಲಿಯೇ ಇದೆ. ಉತ್ತರಾಧಿಕಾರವು ಅವರ ಪ್ರಿಯಶಿಷ್ಯರಾದ ಶ್ರೀ ಪುಟ್ಟರಾಜ ಗವಾಯಿಗಳವರಿಗೆ ಬಂದಿತು. 1914ರಲ್ಲಿ, ಪಾಠಶಾಲೆಯು ಹುಟ್ಟಿದ ವರುಷವೇ, ದೇವಗಿರಿಯಲ್ಲಿ ಜನಿಸಿ, ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟರಾಜರು ಗುರುವಿನ ಮಡಿಲಲ್ಲಿಯೇ ಬೆಳೆದವರು. ಅವರು ನಾಟಕಗಳನ್ನೂ ಪುರಾಣಗಳನ್ನೂ ರಚಿಸಿ, ನಾಟ್ಯಸಂಘವನ್ನೂ ಪಾಠಶಾಲೆಯನ್ನೂ ಮುನ್ನಡೆಸಿದರು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿಗೆ ಪಾತ್ರರಾಗಿ, ಅದೇ ವರುಷದ ಸೆಪ್ಟೆಂಬರ 17ರಂದು ಲಿಂಗೈಕ್ಯರಾದರು. ಗುರುಶಿಷ್ಯರಿಬ್ಬರ ಸೇವೆಯನ್ನು ಕೂಡಿಸಿದರೆ ಅದು ತೊಂಬತ್ತಾರು ವರುಷಗಳ ಅಖಂಡ ದಾಸೋಹವಾಗುವುದು.

ಎಡೆದೊರೆ ನಾಡಿಗೆ ಬಂದ ನಾದ

ಕೃಷ್ಣೆ ತುಂಗಭದ್ರೆಗಳ ನಡುವಣ ಎಡೆದೊರೆ ನಾಡು 1948ರ ವರೆಗೆ ನಿಜಾಮ ಸಂಸ್ಥಾನಕ್ಕೆ ಸೇರಿದ್ದಿತು. ಲಿಂಗಸುಗೂರು, ಸಿಂಧನೂರು, ಮಸ್ಕಿ, ತುರ್ವಿಹಾಳ ಮೊದಲಾದ ಊರುಗಳ ಜನರಿಗೆ ಆಡಳಿತದ ಭಾಷೆ ಉರ್ದುವಾಗಿದ್ದಿತು. ಕನ್ನಡ ಶಾಲೆಗಳು ವಿರಳವಾಗಿದ್ದುವು. ತುಂಗಭದ್ರೆಯ ಕಾಲುವೆಯ ನೀರು ಇನ್ನೂ ಬಂದಿರಲಿಲ್ಲ. ಜೋಳದ ಎರೆಹೊಲಗಳು ಮಳೆಯ ದಾರಿಯನ್ನು ನೋಡುತ್ತಿದ್ದವು. ಇಂತಹ ಸೀಮೆಯಲ್ಲಿ ಕನ್ನಡದ ನುಡಿಯನ್ನೂ ಶರಣರ ನಡೆಯನ್ನೂ ಉಳಿಸಿದುವು ಮಠದ ಪುರಾಣ, ಭಜನೆಯ ಪದ, ಜಾತ್ರೆಯ ನಾಟಕ. ಅಕ್ಷರವು ಬರುವುದಕ್ಕೆ ಮುಂಚೆಯೇ ಕಿವಿಯು ಸುಸಂಸ್ಕೃತವಾಗಿದ್ದಿತು.

ಈ ನೆಲದ ಜಂಬಲದಿನ್ನಿಯವರಾದ ಶ್ರೀ ಸಿದ್ಧರಾಮ ಜಂಬಲದಿನ್ನಿಯವರು ಪಂಚಾಕ್ಷರ ಗವಾಯಿಗಳವರ ಶಿಷ್ಯರು. ಗುರುವಿನಿಂದ ಪಡೆದ ವಿದ್ಯೆಯನ್ನು ವಚನಗಾಯನಕ್ಕೆ ಸಲ್ಲಿಸಿ, ರಾಯಚೂರು ಜಿಲ್ಲೆಗೆ ಕೀರ್ತಿಯನ್ನು ತಂದರು. ರಾಯಚೂರಿನ ರಂಗಮಂದಿರವು ಇಂದು ಅವರ ಹೆಸರನ್ನೇ ಹೊತ್ತಿದೆ. ಗದುಗಿನಲ್ಲಿ ಹಚ್ಚಿದ ದೀಪವು ಕೊಪ್ಪಳ ಗಂಗಾವತಿಗಳನ್ನು ದಾಟಿ ಸಿಂಧನೂರ ಸೀಮೆಯ ವರೆಗೂ ಬೆಳಕು ಬೀರಿದುದಕ್ಕೆ ಇದೇ ನಿದರ್ಶನ. ಆಶ್ರಮದಲ್ಲಿ ಕಲಿತು ಹೊರಬಂದ ಗವಾಯಿಗಳೂ ತಬಲಾವಾದಕರೂ ಇಂದಿಗೂ ಉತ್ತರ ಕರ್ನಾಟಕದ ಅನೇಕ ಮಠಗಳಲ್ಲಿ ಶ್ರಾವಣದ ಪುರಾಣಕ್ಕೆ ಕುಳಿತು ಹಾಡುತ್ತಾರೆ. ಅವರಲ್ಲಿ ಅನೇಕರು ನೇತ್ರಹೀನರು. ಅವರನ್ನು ಊರಿನವರು ಗವಾಯಿಗಳೆಂದು ಕರೆದು, ಮಣೆ ಹಾಕಿ ಕುಳ್ಳಿರಿಸಿ ಗೌರವಿಸುತ್ತಾರೆ. ಗುಡಿಯ ಬಾಗಿಲಲ್ಲಿ ಅರಿವೆ ಹಾಸಿ ಕುಳಿತಿದ್ದವನು ಗುಡಿಯ ಒಳಗೆ ಗದ್ದುಗೆಯ ಸಮೀಪಕ್ಕೆ ಬಂದನು. ಗವಾಯಿಗಳವರು ಗುರುವಿಗೆ ಸಲ್ಲಿಸಿದ ಕಾಣಿಕೆಯ ಅಳತೆಯು ಇದು.

ಕೇಳುಗರ ಕಾಯಕ

ಗವಾಯಿಗಳವರ ಚರಿತ್ರೆಯನ್ನು ಓದಿದ ಸದ್ಭಕ್ತರಿಗೆ ಕೇವಲ ಪೂಜ್ಯಭಾವವು ಹುಟ್ಟಿದರೆ ಸಾಲದು. ಅವರ ಕಾರ್ಯದಲ್ಲಿ ಗೃಹಸ್ಥರಿಗೂ ಪಾಲುಂಟು. ಹಾಡುವ ಕಾಯಕವು ಗವಾಯಿಯದಾದರೆ ಕೇಳುವ ಕಾಯಕವು ಭಕ್ತನದು. ಪುರಾಣವು ಮೊದಲಾದ ದಿನ ಹಾಗೂ ಮಂಗಲದ ದಿನ ಮಾತ್ರ ನೆರೆದು, ನಡುವಣ ದಿನಗಳಲ್ಲಿ ಮಠದ ಪೌಳಿಯನ್ನು ಬರಿದಾಗಿ ಬಿಟ್ಟರೆ ಹಾಡುವವನ ಕಂಠವು ಬಾಡುವುದು. ಕಾಣಿಕೆಯನ್ನು ಕಳುಹಿಸಿ ತಾವು ಮನೆಯಲ್ಲಿ ಉಳಿದರೆ ಅನ್ನದಾಸೋಹವಾದೀತು, ನಾದದಾಸೋಹವಾಗದು. ಮನೆಯ ಮಕ್ಕಳನ್ನು ಬಗಲಲ್ಲಿ ಕುಳ್ಳಿರಿಸಿಕೊಂಡು ಕೇಳಬೇಕು. ಇಂದು ತಂದೆಯ ತೊಡೆಯ ಮೇಲೆ ನಿದ್ದೆಗಣ್ಣಿನಲ್ಲಿ ಕೇಳಿದ ಕೂಸೇ ನಾಳಿನ ಸಭೆಯ ರಸಿಕನಾಗುವುದು. ಊರಿನಲ್ಲಿ ಕಣ್ಣಿಲ್ಲದ ಬಾಲಕನಿದ್ದರೆ, ಅವನ ಕೈಗೆ ಕಾಸನ್ನು ಹಾಕುವುದಕ್ಕಿಂತ ಮುಂಚೆ ಅವನ ಕಂಠವನ್ನೊಮ್ಮೆ ಕೇಳಬೇಕು. ಹಾನಗಲ್ಲ ಕುಮಾರಸ್ವಾಮಿಗಳವರು ಅಂದು ಮಾಡಿದುದು ಅಷ್ಟೇ. ಅವರು ನಿಂತು ಕೇಳದೆ ಮುಂದೆ ಹೋಗಿದ್ದರೆ ಗದಿಗೆಯ್ಯನು ಗದಿಗೆಯ್ಯನಾಗಿಯೇ ಉಳಿಯುತ್ತಿದ್ದನು. ಪಂಚಾಕ್ಷರ ಗವಾಯಿಗಳವರು ನಾಡಿಗೆ ದೊರೆಯುತ್ತಿರಲಿಲ್ಲ.

ಶ್ರೋತ್ರದಲ್ಲಿ ನೆಲೆಸಿರುವ ಪ್ರಸಾದಲಿಂಗಕ್ಕೆ ನಿತ್ಯವೂ ಸುಶಬ್ದವನ್ನು ಅರ್ಪಿಸುವ ಬುದ್ಧಿಯು ಸರ್ವ ಸದ್ಭಕ್ತರಲ್ಲಿಯೂ ಬೆಳೆಯಲಿ. ಗಾನಯೋಗಿಗಳವರ ನಾದದಾಸೋಹವು ಮನೆಮನೆಯಲ್ಲಿಯೂ ಮಠಮಠದಲ್ಲಿಯೂ ಅವ್ಯಾಹತವಾಗಿ ಸಾಗಲಿ.

ಶುಭಂ ಭೂಯಾತ್.